ಓಡದ ಸಾಲುಗಳನ್ನು ಓದೋಣ: ವರ್ಚುವಲ್ ಮೆಷಿನ್‌ನೊಳಗೆ ಕರ್ನಲ್ ಟೆಸ್ಟ್

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ತೆರೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹನ್ನೊಂದು ದಿನದ ಒಂದು ಕಥೆ ಹೇಳಿ ಶುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದು. ಒಂದು ಸಣ್ಣ ಬೋರ್ಡ್‌ಗೆ ನಾವು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಸಿದ್ಧ ಮಾಡುತ್ತಿದ್ದೆವು. ರಾತ್ರಿ ಹನ್ನೆರಡಕ್ಕೆ ಹೊಸ ಕರ್ನಲ್ ಬಿಲ್ಡ್ ಆಗಬೇಕು, ಬೋರ್ಡ್‌ಗೆ ಹೋಗಬೇಕು, ಟೆಸ್ಟ್‌ಗಳೆಲ್ಲ ಓಡಬೇಕು, ಬೆಳಗ್ಗೆ ಕಾಫಿ ಹೊತ್ತಿಗೆ ಎಲ್ಲರಿಗೂ ಮೇಲ್ ಬಂದಿರಬೇಕು. ಇದನ್ನೆಲ್ಲ ಮಾಡೋಕೆ ಒಂದು ಸ್ಕ್ರಿಪ್ಟ್ ಇತ್ತು. ಅದು ಕೊನೆಗೆ ಲಾಗ್‌ನಲ್ಲಿ 'ಫೇಲ್' ಅನ್ನೋ ಪದ ಹುಡುಕುತ್ತಿತ್ತು. ಸಿಗಲಿಲ್ಲ ಅಂದರೆ 'ಎಲ್ಲ ಪಾಸ್' ಅಂತ ಮೇಲ್ ಕಳಿಸುತ್ತಿತ್ತು. ಹನ್ನೊಂದು ದಿನ ಎಲ್ಲ ಪಾಸ್. ಹನ್ನೆರಡನೇ ದಿನ ಬೇರೆ ಯಾವುದೋ ಕೆಲಸಕ್ಕೆ ಒಬ್ಬರು ಆ ಲಾಗ್ ತೆರೆದು ನೋಡಿದರು. ಸಾವಿರಾರು ಸಾಲು ಇರಬೇಕಾದ ಕಡೆ ಮೂವತ್ತು ಚಿಲ್ಲರೆ ಸಾಲು ಇತ್ತು. ಕರ್ನಲ್ ಬೂಟ್ ಆಗುವಾಗಲೇ ನಿಂತುಬಿಟ್ಟಿತ್ತು. ಹನ್ನೊಂದು ದಿನ ಒಂದೇ ಒಂದು ಟೆಸ್ಟ್ ಕೂಡ ಓಡಿರಲಿಲ್ಲ. ಓಡದೇ ಇರೋ ಟೆಸ್ಟ್ 'ಫೇಲ್' ಅಂತ ಬರೆಯೋದಾದರೂ ಹೇಗೆ?

ಆವತ್ತಿನಿಂದ ನನಗೆ ಅಂಟಿಕೊಂಡ ಪ್ರಶ್ನೆ ಒಂದೇ. ಪಾಸಾ ಫೇಲಾ ಅನ್ನೋದು ಆಮೇಲೆ. ಮೊದಲು, ಓಡಿದ್ದೇನು? ಓಡದೇ ಉಳಿದದ್ದೇನು? ಇವತ್ತು ಮಾತಾಡೋದು ಇದರ ಬಗ್ಗೆ ಮಾತ್ರ.

ಮಾಮೂಲಿ ಪ್ರೋಗ್ರಾಂ ಟೆಸ್ಟ್ ಮಾಡೋದಕ್ಕೂ ಆಪರೇಟಿಂಗ್ ಸಿಸ್ಟಂ ಟೆಸ್ಟ್ ಮಾಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ನಿಮ್ಮ ಪ್ರೋಗ್ರಾಂ ಬಿದ್ದರೆ ಕರ್ನಲ್ ಅದನ್ನು ಎತ್ತಿ ಆಚೆ ಹಾಕುತ್ತದೆ, ಟೆಸ್ಟ್ ಮುಂದಕ್ಕೆ ಹೋಗುತ್ತದೆ. ಕರ್ನಲ್ಲೇ ಬಿದ್ದರೆ ಟೆಸ್ಟ್ ಓಡಿಸೋನೂ ಬಿದ್ದ, ಲಾಗ್ ಬರೆಯೋನೂ ಬಿದ್ದ. ನಮ್ಮ ಬೋರ್ಡ್ ಶನಿವಾರ ರಾತ್ರಿ ನಿಂತರೆ ಸೋಮವಾರ ಯಾರಾದರೂ ಲ್ಯಾಬ್‌ಗೆ ಹೋಗಿ ರೀಸೆಟ್ ಗುಂಡಿ ಒತ್ತುವವರೆಗೆ ಅಷ್ಟೇ. ಅದಕ್ಕೇ ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್. ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಅಂಥ ಮೆಷಿನ್ ಓಡಿಸೋ ಕ್ಯೂಎಮು ಅನ್ನೋ ಪ್ರೋಗ್ರಾಂ ಹೊರತಂದರು. 2007ರಲ್ಲಿ ಲಿನಕ್ಸ್ 2.6.20ರ ಜೊತೆ ಪ್ರೊಸೆಸರ್‌ನ ನೆರವಿನಿಂದ ಅದನ್ನು ಓಡಿಸೋ ಕೆವಿಎಂ ಬಂತು, ವೇಗವೂ ಸಿಕ್ಕಿತು. ಈಗ ಇಡೀ ಕಂಪ್ಯೂಟರ್ ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರೋಸೆಸ್, ಓಡುತ್ತಿರೋ ಒಂದು ಪ್ರೋಗ್ರಾಂ ಅಷ್ಟೇ. ನಿಂತರೆ ಕೊಲ್ಲಬಹುದು. ಇನ್ನೊಂದನ್ನು ಎಬ್ಬಿಸಬಹುದು. ಡಿಸ್ಕ್ ಹಾಳಾದರೆ ಚಿಂತೆ ಇಲ್ಲ, ಸ್ನ್ಯಾಪ್‌ಶಾಟ್ ಮೋಡ್‌ನಲ್ಲಿ ಓಡಿಸಿದರೆ ಬರೆದದ್ದೆಲ್ಲ ಕೊನೆಗೆ ಬಿಸಾಕಿ ಹೋಗುತ್ತದೆ, ಮುಂದಿನ ಟೆಸ್ಟ್‌ಗೆ ಮತ್ತೆ ಅದೇ ಶುದ್ಧ ಡಿಸ್ಕ್.

ಇದರ ಸುತ್ತ ಕಟ್ಟಬೇಕಾದ ಸ್ಕ್ರಿಪ್ಟ್ ದೊಡ್ಡದೇನಲ್ಲ. ವರ್ಚುವಲ್ ಮೆಷಿನ್‌ನ ಸೀರಿಯಲ್ ಪೋರ್ಟ್ ನಿಮ್ಮ ಟರ್ಮಿನಲ್‌ಗೆ ಬರಲಿ, ಅಲ್ಲಿ ಬರೋ ಅಕ್ಷರಗಳನ್ನು ಸ್ಕ್ರಿಪ್ಟ್ ಓದುತ್ತಾ ಇರಲಿ, ಶೆಲ್ ಪ್ರಾಂಪ್ಟ್ ಕಂಡ ಕೂಡಲೇ ಟೆಸ್ಟ್ ಹೆಸರು ಟೈಪ್ ಮಾಡಲಿ, ಇಂತಿಷ್ಟು ನಿಮಿಷದಲ್ಲಿ ಉತ್ತರ ಬರದಿದ್ದರೆ ಮೆಷಿನ್ ಕೊಂದು 'ನಿಂತುಹೋಯಿತು' ಅಂತ ಬರೆದಿಡಲಿ. ಮುಖ್ಯವಾದದ್ದು ಏನು ಅಂದರೆ, 'ಫೇಲ್' ಇಲ್ಲ ಅನ್ನೋದು ಪಾಸ್‌ಗೆ ಸಾಕ್ಷಿ ಆಗಬಾರದು. 'ಎಲ್ಲ ಟೆಸ್ಟ್ ಪಾಸ್' ಅನ್ನೋ ಸಾಲು ಕಣ್ಣಿಗೆ ಬಿದ್ದರೆ ಮಾತ್ರ ಪಾಸ್. ಆ ಒಂದು ಸಾಲು ಬದಲಾಯಿಸಿದ್ದರೆ ನಮ್ಮ ಹನ್ನೊಂದು ದಿನ ಉಳಿಯುತ್ತಿತ್ತು. ಇನ್ನೂ ಗಟ್ಟಿ ಉತ್ತರ ಬೇಕು ಅಂದರೆ ಕ್ಯೂಎಮುವಿನಲ್ಲೇ ದಾರಿ ಇದೆ. ರಿಸ್ಕ್-ವಿ ಅನ್ನೋ ಬಗೆಯ ಪ್ರೊಸೆಸರ್‌ಗೆ ಅದರಲ್ಲಿರೋ 'ವಿರ್ಟ್' ಮೆಷಿನ್‌ನಲ್ಲಿ ಟೆಸ್ಟ್‌ಗೆ ಅಂತಲೇ ಒಂದು ಸಾಧನ ಇದೆ. ಅದರ ವಿಳಾಸಕ್ಕೆ ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) 5555 ಬರೆದರೆ ಮೆಷಿನ್ ಆಫ್ ಆಗಿ ಕ್ಯೂಎಮು ಪಾಸ್ ಅಂತ ಹೊರಬರುತ್ತದೆ, 3333 ಬರೆದರೆ ಫೇಲ್ ಅಂತ. ಲಾಗ್ ಹುಡುಕೋ ಕೆಲಸವೇ ಇಲ್ಲ.

ಈಗ ಕವರೇಜ್‌ಗೆ ಬರೋಣ. ಕೋಡ್ ಕವರೇಜ್ ಅಂದರೆ ಟೆಸ್ಟ್ ಓಡುವಾಗ ಕೋಡ್‌ನ ಯಾವ ಯಾವ ಸಾಲು ನಿಜವಾಗಿ ಓಡಿತು ಅನ್ನೋ ಲೆಕ್ಕ. ಇದನ್ನು ಮಾತಲ್ಲಿ ಹೇಳಿದರೆ ಒಣಕಲು ಅನ್ನಿಸುತ್ತದೆ. ಒಂದು ಸಣ್ಣ ಕರ್ನಲ್ ಕೈಗೆತ್ತಿಕೊಂಡು ನೋಡೋಣ. ಎಂಐಟಿಯವರು ಪಾಠಕ್ಕೆ ಅಂತ ಬರೆದ ಎಕ್ಸ್‌ವಿ6 ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಹತ್ತು ಸಾವಿರ ಸಾಲಿಗಿಂತ ಕಡಿಮೆ ಕೋಡ್. ಈಗಿನ ಆವೃತ್ತಿ ರಿಸ್ಕ್-ವಿಗೆ ಬರೆದದ್ದು, ಕ್ಯೂಎಮುವಿನಲ್ಲಿ 128 ಎಂಬಿ ಮೆಮೊರಿ ಕೊಟ್ಟು ಓಡಿಸುತ್ತಾರೆ. ಅದರ ಜೊತೆ 'ಯೂಸರ್‌ಟೆಸ್ಟ್ಸ್' ಅನ್ನೋ ಪ್ರೋಗ್ರಾಂ ಬರುತ್ತದೆ. ನನಗೆ ಬಹಳ ಇಷ್ಟವಾದ ಪ್ರೋಗ್ರಾಂ ಅದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಂಥ ಸಣ್ಣ ಕರ್ನಲ್‌ನಲ್ಲಿ ಕವರೇಜ್ ಅಳೆಯೋಕೆ ಕರ್ನಲ್ ಮುಟ್ಟಲೇಬೇಕಿಲ್ಲ. ಕ್ಯೂಎಮು ಕೆಲಸ ಮಾಡೋ ರೀತಿ ನೋಡಿ. ರಿಸ್ಕ್-ವಿ ಆದೇಶಗಳನ್ನು ಅದು ಒಂದೊಂದು ತುಂಡಾಗಿ ನಿಮ್ಮ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಭಾಷೆಗೆ ತಿರುಗಿಸುತ್ತದೆ. ಎಲ್ಲವನ್ನೂ ಮೊದಲೇ ತಿರುಗಿಸಿ ಇಟ್ಟುಕೊಳ್ಳೋದಿಲ್ಲ. ಒಂದು ತುಂಡು ಓಡೋ ಸರದಿ ಬಂದಾಗ ಮಾತ್ರ ಅದನ್ನು ತಿರುಗಿಸುತ್ತದೆ. ತಿರುಗಿಸಿದ್ದನ್ನೆಲ್ಲ ಒಂದು ಫೈಲ್‌ಗೆ ಬರೆ ಅಂತ ಹೇಳೋಕೆ ಒಂದು ಆಯ್ಕೆ ಇದೆ, 'ಇನ್-ಎಎಸ್‌ಎಂ' ಲಾಗ್ ಅಂತ. ಹಾಗಾದರೆ ಆ ಫೈಲ್‌ನಲ್ಲಿ ಇರೋದು ಏನು? ಓಡಿದ ಕೋಡ್‌ನ ವಿಳಾಸಗಳು! ಎಕ್ಸ್‌ವಿ6 ಕರ್ನಲ್ ಕೂತಿರೋದು ಹೆಕ್ಸ್ 80000000ರಿಂದ ಮೇಲೆ. ಯೂಸರ್ ಪ್ರೋಗ್ರಾಂಗಳು ಸೊನ್ನೆಯಿಂದ ಶುರುವಾಗುತ್ತವೆ. ಕರ್ನಲ್‌ನದ್ದನ್ನು ಮಾತ್ರ ಸೋಸಿ ತೆಗೆದು, 'ಅಡ್ರ್‌2ಲೈನ್' ಅನ್ನೋ ಟೂಲ್‌ಗೆ ಕೊಟ್ಟರೆ ಯಾವ ಫೈಲ್, ಎಷ್ಟನೇ ಸಾಲು ಅಂತ ಅದು ಹೇಳುತ್ತದೆ. ಕಂಪೈಲರ್ ಆಪ್ಟಿಮೈಸ್ ಮಾಡಿರೋದರಿಂದ ಅಲ್ಲಲ್ಲಿ ಸಾಲು ಹಿಂದೆ ಮುಂದೆ ಆಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೂ ಒಂದು ಸಂಜೆಯಲ್ಲಿ ಮುಗಿಯೋ ಕೆಲಸ ಇದು.

ಆ ಪಟ್ಟಿ ಕೈಗೆ ಬಂದ ಮೇಲೆ ಜಾಸ್ತಿ ಜನ ಮಾಡೋದು ಪರ್ಸೆಂಟ್ ಲೆಕ್ಕ. ಎಂಬತ್ತಾ? ಪರವಾಗಿಲ್ಲ. ತೊಂಬತ್ತಾ? ಖುಷಿ. ದಯವಿಟ್ಟು ಅಲ್ಲಿಗೆ ನಿಲ್ಲಿಸಬೇಡಿ. ಕವರೇಜ್ ಪರೀಕ್ಷೆಯ ಮಾರ್ಕ್ಸ್ ಕಾರ್ಡ್ ಅಲ್ಲ. ಓಡದ ಸಾಲುಗಳನ್ನು ತೆರೆದು, ಒಂದೊಂದನ್ನೂ ಕೂತು ಓದಿ. ಇದು ಯಾಕೆ ಓಡಲಿಲ್ಲ ಅಂತ ಕೇಳಿ. ಉತ್ತರ ಮೂರು ನಾಲ್ಕು ಬಗೆಯಲ್ಲಿ ಬರುತ್ತದೆ. ಕೆಲವು ಓಡಲೇಬಾರದ ಸಾಲು, ಎಕ್ಸ್‌ವಿ6ರಲ್ಲಿ ಅಲ್ಲಲ್ಲಿ ಇರೋ, ಇನ್ನು ಮುಂದಕ್ಕೆ ಹೋಗೋಕಾಗಲ್ಲ ಅಂತ ಕರ್ನಲ್ ತಾನೇ ನಿಂತುಬಿಡೋ 'ಪ್ಯಾನಿಕ್' ಸಾಲುಗಳು ಹಾಗೆ. ಕೆಲವಕ್ಕೆ ಟೆಸ್ಟ್ ಬರೆಯೋಕೆ ಮರೆತಿರುತ್ತೇವೆ. ಕೆಲವು ಸತ್ತ ಕೋಡ್, ಯಾರೂ ಕರೆಯೋದೇ ಇಲ್ಲ. ನನ್ನ ನಿದ್ದೆ ಕೆಡಿಸೋದು ಕೊನೇ ಬಗೆ. ಓಡೋ ಸಂದರ್ಭ ನಿಜಕ್ಕೂ ಬರಬಹುದು, ಆದರೆ ಟೆಸ್ಟ್‌ನಲ್ಲಿ ಅದನ್ನು ತರಿಸೋದು ಕಷ್ಟ, ಅಂಥವು.

ಒಂದನ್ನು ಹತ್ತಿರದಿಂದ ನೋಡೋಣ. ಒಂದು ಪ್ರೋಸೆಸ್ 'ಫೋರ್ಕ್' ಮಾಡಿದಾಗ, ಅಂದರೆ ತನ್ನಂಥದ್ದೇ ಒಂದು ಮಗು ಪ್ರೋಸೆಸ್ ಹುಟ್ಟಿಸಿದಾಗ, ಕರ್ನಲ್ ಅದರ ಮೆಮೊರಿಯನ್ನು ಮಗುವಿಗೆ ನಕಲು ಮಾಡಬೇಕು. ಎಕ್ಸ್‌ವಿ6ರಲ್ಲಿ ಅದನ್ನು ಮಾಡೋದು 'ಯುವಿಎಂಕಾಪಿ' ಅನ್ನೋ ಫಂಕ್ಷನ್. ಒಂದು ಲೂಪ್, ಅಷ್ಟೇ. ಪ್ರತಿ ಸುತ್ತಿನಲ್ಲೂ 'ಕೆಅಲಾಕ್' ಕರೆದು 4096 ಬೈಟ್‌ನ ಒಂದು ಹೊಸ ಪುಟ ತೆಗೆದುಕೊಳ್ಳುತ್ತದೆ. ಸಿಗದಿದ್ದರೆ ದೋಷದ ದಾರಿಗೆ ಹೋಗುತ್ತದೆ. ಸಿಕ್ಕರೆ ಹಳೇ ಪುಟವನ್ನು ಅದಕ್ಕೆ ನಕಲು ಮಾಡಿ, 'ಮ್ಯಾಪ್‌ಪೇಜಸ್' ಕರೆದು ಮಗುವಿನ ಪೇಜ್ ಟೇಬಲ್‌ಗೆ, ಅಂದರೆ ಯಾವ ವಿಳಾಸ ಯಾವ ಪುಟದಲ್ಲಿದೆ ಅನ್ನೋ ಪಟ್ಟಿಗೆ, ಸೇರಿಸುತ್ತದೆ. ಸೇರಿಸೋದು ಆಗದಿದ್ದರೆ? ಆಗ ಒಂದು ಸಾಲು ಇದೆ, ಈಗ ತಾನೇ ತೆಗೆದುಕೊಂಡ ಪುಟವನ್ನು 'ಕೆಫ್ರೀ' ಮಾಡಿ ವಾಪಸ್ ಕೊಡೋ ಸಾಲು. ಆಮೇಲೆ ದೋಷದ ದಾರಿ.

ಆ ಕೆಫ್ರೀ ಸಾಲು ಯಾವಾಗ ಓಡುತ್ತದೆ ಯೋಚಿಸಿ. ಪುಟ ಸಿಕ್ಕಿರಬೇಕು. ಸಿಕ್ಕ ಮರುಕ್ಷಣವೇ ಪೇಜ್ ಟೇಬಲ್‌ಗೆ ಬೇಕಾದ ಪುಟ ಸಿಗದೇ ಇರಬೇಕು. ಅಂದರೆ ಮೆಮೊರಿ ಸರಿಯಾಗಿ ಆ ಎರಡರ ನಡುವೆ ಖಾಲಿ ಆಗಬೇಕು. ಒಂದು ಪೇಜ್ ಟೇಬಲ್ ಪುಟದಲ್ಲಿ 512 ನಮೂದು ಹಿಡಿಯುತ್ತವೆ. ಹಾಗಾಗಿ ದೊಡ್ಡ ಪ್ರೋಸೆಸ್ ನಕಲು ಮಾಡುವಾಗ ಹೊಸ ಟೇಬಲ್ ಪುಟ ಬೇಕಾಗೋದು 512 ಪುಟಕ್ಕೆ ಒಮ್ಮೆ. ಮೆಮೊರಿ ತುಂಬಿಸೋ ಟೆಸ್ಟ್ ಬರೆದು ಸುಮ್ನೆ ಓಡಿಸಿದರೆ ಜಾಸ್ತಿ ಸಲ ಮೊದಲನೇ ಕೆಅಲಾಕ್‌ನಲ್ಲೇ ಸೋಲುತ್ತದೆ, ಈ ಸಾಲಿಗೆ ಬರೋದೇ ಇಲ್ಲ. ಈಗ ಇದನ್ನು ಬರೆದವರು ಆ ಸಾಲು ಬಿಟ್ಟುಬಿಟ್ಟಿದ್ದರು ಅಂದುಕೊಳ್ಳಿ. ಏನೂ ಬೀಳೋದಿಲ್ಲ. ಟೆಸ್ಟ್ ಪಾಸ್. ಒಂದು ಪುಟ ಮಾತ್ರ ಸದ್ದಿಲ್ಲದೆ ಸೋರಿಹೋಗುತ್ತದೆ. ವರ್ಷಗಟ್ಟಲೆ ಆಫ್ ಆಗದೆ ಓಡೋ ಯಂತ್ರದಲ್ಲಿ ಇಂಥ ಸೋರಿಕೆ ಹನಿ ಹನಿ ಸೇರಿ ಹಳ್ಳ ಆಗುತ್ತದೆ.

ಹಾಗಾದರೆ ಇದನ್ನು ಓಡಿಸೋದು ಹೇಗೆ? ಅದೃಷ್ಟಕ್ಕೆ ಕಾಯಬಾರದು, ಬೇಕು ಅಂತಲೇ ಸೋಲಿಸಬೇಕು. ಕೆಅಲಾಕ್‌ನೊಳಗೆ ಒಂದು ಎಣಿಕೆ ಇಡಿ. ಇಷ್ಟನೇ ಸಲ ಕರೆದಾಗ ಪುಟ ಇದ್ದರೂ ಇಲ್ಲ ಅನ್ನು ಅಂತ ಒಂದು ಪುಟ್ಟ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಕೊಡೋ ಕರೆ) ಸೇರಿಸಿ. ಟೆಸ್ಟ್ ಹೀಗೆ: ಮೊದಲನೇ ಕರೆ ಸೋಲಿಸಿ ಫೋರ್ಕ್ ಮಾಡು, ಎರಡನೇದು ಸೋಲಿಸಿ ಫೋರ್ಕ್ ಮಾಡು, ಮೂರನೇದು… ಫೋರ್ಕ್ ಪೂರ್ತಿ ಗೆಲ್ಲುವವರೆಗೆ. ಒಂದೇ ಸಿಪಿಯು ಇಟ್ಟು ಓಡಿಸಿ, ಲೆಕ್ಕ ತಪ್ಪಬಾರದು. ಕೋಡ್ ಹಿಡಿದು ಕೈಲೇ ಎಣಿಸಿ ನೋಡಿದೆ. ಮೊದಲನೇ ಪುಟ ಟ್ರ್ಯಾಪ್‌ಫ್ರೇಮ್‌ಗೆ (ಕರ್ನಲ್‌ಗೆ ಬರುವಾಗ ಪ್ರೋಸೆಸ್‌ನ ರಿಜಿಸ್ಟರ್‌ಗಳನ್ನು ಎತ್ತಿಡೋ ಜಾಗ), ಎರಡನೇದು ಪೇಜ್ ಟೇಬಲ್‌ನ ಬೇರಿಗೆ, ಮೂರು ನಾಲ್ಕು ವಿಳಾಸದ ತುತ್ತತುದಿಯಲ್ಲಿರೋ ಟ್ರ್ಯಾಂಪೊಲಿನ್‌ನ (ಕರ್ನಲ್‌ಗೆ ಹೋಗಿಬರೋ ಕೋಡ್) ಟೇಬಲ್‌ಗಳಿಗೆ, ಐದನೇದು ಪ್ರೋಸೆಸ್‌ನ ಮೊದಲ ಪುಟದ ನಕಲಿಗೆ. ಆರು ಮತ್ತು ಏಳು ಸೊನ್ನೆ ವಿಳಾಸದ ಕಡೆಯ ಟೇಬಲ್‌ಗಳಿಗೆ. ಅಂದರೆ ಆರನೇ ಕರೆ ಸೋಲಿಸಿದರೆ ನಮ್ಮ ಕೆಫ್ರೀ ಸಾಲು ಓಡಲೇಬೇಕು. 512ಕ್ಕೆ ಒಮ್ಮೆ ಸಿಗೋ ಅದೃಷ್ಟ ಎಲ್ಲಿ, ಆರನೇ ಸುತ್ತಿಗೆ ಖಚಿತವಾಗಿ ಸಿಗೋದು ಎಲ್ಲಿ!

ಸಾಲು ಓಡಿತು, ಸರಿ. ಪುಟ ವಾಪಸ್ ಬಂತಾ ಅಂತ ತಿಳಿಯೋದು ಹೇಗೆ? ಇಲ್ಲೇ ಯೂಸರ್‌ಟೆಸ್ಟ್ಸ್ ನನಗೆ ಇಷ್ಟ ಆಗೋದು. ಅದು ಟೆಸ್ಟ್‌ಗಳ ಮೊದಲು ಖಾಲಿ ಪುಟ ಎಷ್ಟಿದೆ ಅಂತ ಎಣಿಸಿಕೊಳ್ಳುತ್ತದೆ, ಎಲ್ಲ ಮುಗಿದ ಮೇಲೆ ಮತ್ತೆ ಎಣಿಸುತ್ತದೆ. ಕಡಿಮೆ ಆಗಿದ್ದರೆ ಪುಟ ಕಳೆದುಹೋಗಿದೆ ಅಂತ ಫೇಲ್ ಮಾಡುತ್ತದೆ. ಯಾವ ಟೆಸ್ಟೂ ಬೀಳದಿದ್ದರೂ ಈ ಲೆಕ್ಕ ತಪ್ಪಿದರೆ ಫೇಲ್. ಸಂಜೆ ಅಂಗಡಿ ಮುಚ್ಚೋ ಮುಂಚೆ ಗಲ್ಲಾಪೆಟ್ಟಿಗೆ ಎಣಿಸಿದ ಹಾಗೆ. ನೀವು ಪ್ರತಿ ಸುತ್ತಿಗೂ ಈ ಎಣಿಕೆ ಮಾಡಿದರೆ ಯಾವ ಸುತ್ತಿನಲ್ಲಿ ಸೋರಿತು ಅಂತ ಬೆರಳಿಟ್ಟು ತೋರಿಸಬಹುದು. ಇನ್ನೊಂದು ಜಾಣತನ ಎಕ್ಸ್‌ವಿ6 ಕರ್ನಲ್‌ನಲ್ಲೇ ಇದೆ. ವಾಪಸ್ ಬಂದ ಪುಟವನ್ನು ಕೆಫ್ರೀ 1 ಅನ್ನೋ ಬೈಟ್‌ನಿಂದ ತುಂಬಿಸುತ್ತದೆ, ಕೊಡೋ ಪುಟವನ್ನು ಕೆಅಲಾಕ್ 5ರಿಂದ ತುಂಬಿಸುತ್ತದೆ. ಬಿಟ್ಟುಕೊಟ್ಟ ಪುಟವನ್ನು ಯಾರಾದರೂ ಮತ್ತೆ ಮುಟ್ಟಿದರೆ ಕಸ ಓದಿ ಬೇಗ ಸಿಕ್ಕಿಬೀಳಲಿ ಅಂತ.

ಲಿನಕ್ಸ್‌ಗೆ ಬಂದರೆ ಗಾತ್ರ ದೊಡ್ಡದು, ವಿಚಾರ ಇದೇ. ಅಲ್ಲಿ ಕವರೇಜ್‌ಗೆ ಎರಡು ದಾರಿ. ಹಳೇದು ಜಿಕೋವ್, 2009ರಲ್ಲಿ 2.6.31ಕ್ಕೆ ಸೇರಿತು. ಕಂಪೈಲ್ ಮಾಡುವಾಗಲೇ ಕೋಡ್‌ನ ಮಧ್ಯೆ ಎಣಿಕೆಗಳನ್ನು ಸೇರಿಸುತ್ತದೆ, ಓಡಿದ ಮೇಲೆ ಡೀಬಗ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂ ಮೂಲಕ ಆ ಎಣಿಕೆ ಎತ್ತಿಕೊಂಡು ಎಲ್‌ಕೋವ್ ಅನ್ನೋ ಟೂಲ್‌ಗೆ ಕೊಟ್ಟರೆ ಓಡದ ಸಾಲಿಗೆ ಕೆಂಪು ಬಣ್ಣ ಹಚ್ಚಿದ ಪುಟಗಳು ಸಿದ್ಧ. ಇಡೀ ಕರ್ನಲ್‌ಗೆ ಹಾಕಿದರೆ ಕರ್ನಲ್ ದಪ್ಪ ಆಗುತ್ತದೆ, ನಿಧಾನ ಆಗುತ್ತದೆ. ನಿಮಗೆ ಬೇಕಾದ ಡೈರೆಕ್ಟರಿಗೆ ಮಾತ್ರ ಹಾಕಿ.

ಜಿಕೋವ್ ಬಳಸುವಾಗ ಎರಡು ಕಡೆ ಎಡವುತ್ತಾರೆ. ಬೂಟ್ ಆಗೋದರಲ್ಲೇ ಬೇಕಾದಷ್ಟು ಕೋಡ್ ಓಡಿಬಿಟ್ಟಿರುತ್ತದೆ. ನಿಮ್ಮ ಟೆಸ್ಟ್ ಏನೂ ಮಾಡದಿದ್ದರೂ ಅಂಕಿ ಚೆನ್ನಾಗೇ ಕಾಣುತ್ತದೆ. ಬೂಟ್ ಮುಗಿದ ಮೇಲೆ, ಟೆಸ್ಟ್ ಶುರುವಾಗೋ ಮುಂಚೆ, ಅಲ್ಲೇ ಇರೋ 'ರೀಸೆಟ್' ಫೈಲ್‌ಗೆ ಏನಾದರೂ ಬರೆದು ಎಣಿಕೆಗಳನ್ನು ಸೊನ್ನೆ ಮಾಡಿ. ಎರಡನೇದು ಇನ್ನೂ ನೋವಿನದು. ಎಣಿಕೆಗಳು ಇರೋದು ಕರ್ನಲ್‌ನ ಮೆಮೊರಿಯಲ್ಲಿ. ಕರ್ನಲ್ ಪ್ಯಾನಿಕ್ ಆದರೆ ಎಣಿಕೆಯೂ ಹೋಯಿತು. ನಿಮಗೆ ಕವರೇಜ್ ಜಾಸ್ತಿ ಬೇಕಾಗೋದು ಬಿದ್ದ ಟೆಸ್ಟ್‌ಗೇ, ಅಲ್ವಾ? ಅದಕ್ಕೇ ಟೆಸ್ಟ್‌ಗಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಪ್ರತಿ ಗುಂಪಿಗೂ ಹೊಸ ವರ್ಚುವಲ್ ಮೆಷಿನ್ ಎಬ್ಬಿಸಿ, ಗುಂಪು ಮುಗಿದ ಕೂಡಲೇ ಎಣಿಕೆ ಆಚೆ ತಂದುಬಿಡಿ. ಒಂದು ಗುಂಪು ಬಿದ್ದರೆ ಉಳಿದವರದ್ದು ಕ್ಷೇಮ.

ಎರಡನೇ ದಾರಿ ಕೆಕೋವ್. ಡಿಮಿಟ್ರಿ ವ್ಯುಕೊವ್ ಬರೆದದ್ದು, 2016ರಲ್ಲಿ 4.6ಕ್ಕೆ ಬಂತು. ಇದು ಒಂದು ಥ್ರೆಡ್ ಮಾಡಿದ ಸಿಸ್ಟಂ ಕಾಲ್ ಕರ್ನಲ್‌ನೊಳಗೆ ಎಲ್ಲೆಲ್ಲಿ ಹಾದುಹೋಯಿತು ಅನ್ನೋ ವಿಳಾಸಗಳನ್ನು ಆ ಥ್ರೆಡ್‌ಗೇ ತಿರುಗಿ ಕೊಡುತ್ತದೆ. ಜನರಿಗೆ ರಿಪೋರ್ಟ್ ತೋರಿಸೋಕೆ ಅಂತ ಮಾಡಿದ್ದಲ್ಲ ಇದು. ಸಿಜ್‌ಕಾಲರ್ ಅನ್ನೋ ಫಜ್ಜರ್‌ಗೆ ಕಣ್ಣು ಕೊಡೋಕೆ ಮಾಡಿದ್ದು. ಸಿಜ್‌ಕಾಲರ್ ವರ್ಚುವಲ್ ಮೆಷಿನ್‌ಗಳನ್ನು ಸಾಲಾಗಿ ಎಬ್ಬಿಸಿ, ಒಳಗೆ ಸಿಸ್ಟಂ ಕಾಲ್‌ಗಳನ್ನು ಹಿಂದೆ ಮುಂದೆ ಮಾಡಿ, ಅಂಕಿ ಬದಲಿಸಿ ಓಡಿಸುತ್ತದೆ. ಯಾವ ಜೋಡಣೆ ಹಿಂದೆ ಮುಟ್ಟದ ವಿಳಾಸ ಮುಟ್ಟಿತೋ ಅದನ್ನು ಎತ್ತಿಟ್ಟುಕೊಂಡು ಅದರ ಮೇಲೇ ಮತ್ತೆ ಬದಲಾವಣೆ ಮಾಡುತ್ತದೆ. ಕತ್ತಲೆ ಮನೆಯಲ್ಲಿ ಗೋಡೆ ಸವರಿಕೊಂಡು ಬಾಗಿಲು ಹುಡುಕಿದ ಹಾಗೆ. 2017ರಿಂದ ಸಿಜ್‌ಬಾಟ್ ಅನ್ನೋ ಸ್ವಯಂಚಾಲಿತ ವ್ಯವಸ್ಥೆ ಇದನ್ನು ಹಗಲೂ ರಾತ್ರಿ ಮಾಡುತ್ತಿದೆ, ಸಾವಿರಾರು ದೋಷ ಹುಡುಕಿ ಕರ್ನಲ್ ಬರೆಯುವವರಿಗೆ ಮೇಲ್ ಕಳಿಸಿದೆ, ಸಾಧ್ಯವಾದಾಗ ದೋಷ ಮತ್ತೆ ಕಾಣಿಸೋ ಸಣ್ಣ ಸಿ ಪ್ರೋಗ್ರಾಂ ಜೊತೆಗೆ. ನಾವು ಎಕ್ಸ್‌ವಿ6ರಲ್ಲಿ ಕೈಯಾರೆ ಮಾಡಿದ 'ಎಷ್ಟನೇ ಕರೆ ಸೋಲಿಸು' ಅನ್ನೋದು ಕೂಡ ಲಿನಕ್ಸ್‌ನಲ್ಲಿ ಸಿದ್ಧವಾಗೇ ಇದೆ, 'ಪ್ರೊಕ್' ಡೈರೆಕ್ಟರಿಯೊಳಗೆ 'ಫೇಲ್-ಎನ್ತ್' ಅನ್ನೋ ಫೈಲ್. ಸಿಜ್‌ಕಾಲರ್ ಅದನ್ನೂ ಬಳಸುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಕವರೇಜ್‌ಗೆ ಕಾಣದ್ದನ್ನೂ ಹೇಳಲೇಬೇಕು. ಬರೆಯದೇ ಬಿಟ್ಟ ಸಾಲು ಅದಕ್ಕೆ ಕಾಣೋದಿಲ್ಲ. ಕೆಫ್ರೀ ಸಾಲೇ ಇಲ್ಲದಿದ್ದರೆ ಕೆಂಪು ಹಚ್ಚೋದು ಯಾವುದಕ್ಕೆ? ಎರಡು ಸಿಪಿಯು ಒಂದೇ ಪಟ್ಟಿಗೆ ಒಟ್ಟಿಗೆ ಕೈ ಹಾಕಿದಾಗ ಆಗೋ ಎಡವಟ್ಟೂ ಕಾಣೋದಿಲ್ಲ, ಯಾಕಂದರೆ ಸಾಲುಗಳೆಲ್ಲ ಓಡಿರುತ್ತವೆ, ಓಡಿದ ಹೊತ್ತು ಮಾತ್ರ ತಪ್ಪಿರುತ್ತದೆ. ಅದಕ್ಕೆ ಒಂದೇ ಟೆಸ್ಟನ್ನು ಒಂದು ಸಿಪಿಯು, ಮೂರು ಸಿಪಿಯು, ಎಂಟು ಸಿಪಿಯು ಇಟ್ಟು ಮತ್ತೆ ಮತ್ತೆ ಓಡಿಸಿ. ವರ್ಚುವಲ್ ಮೆಷಿನ್‌ನಲ್ಲಿ ಇದು ಒಂದು ಅಂಕಿ ಬದಲಿಸೋ ಕೆಲಸ, ಬೋರ್ಡ್ ಕೊಳ್ಳಬೇಕಿಲ್ಲ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆ ಇಲ್ಲಿ ಸೇರಿಸುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: 'ಸರ್, ಫೈಲ್ ಸಿಸ್ಟಂ ಬರೆಯುತ್ತಾ ಇರುವಾಗ ಕ್ಯೂಎಮುವನ್ನು ಥಟ್ ಅಂತ ಕೊಂದರೆ ಕರೆಂಟ್ ಹೋದದ್ದನ್ನು ಟೆಸ್ಟ್ ಮಾಡಿದ ಹಾಗೆ ಆಯ್ತಲ್ವಾ?' ತುಂಬಾ ಒಳ್ಳೆಯ ಪ್ರಶ್ನೆ, ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಪೂರ್ತಿ ಆಗೋದಿಲ್ಲ. ವರ್ಚುವಲ್ ಮೆಷಿನ್‌ನೊಳಗಿನ ಕರ್ನಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡದ್ದು ಹೋಗುತ್ತದೆ, ಅದು ನಿಜ. ಆದರೆ ಅದು ಒಮ್ಮೆ ಡಿಸ್ಕ್‌ಗೆ ಅಂತ ಕೊಟ್ಟದ್ದು ಹೊರಗಿನ ನಿಮ್ಮ ಲ್ಯಾಪ್‌ಟಾಪ್‌ನ ಪೇಜ್ ಕ್ಯಾಶ್‌ನಲ್ಲಿ, ಅಂದರೆ ಡಿಸ್ಕ್‌ಗೆ ಹೋಗೋ ಮುಂಚೆ ಮೆಮೊರಿಯಲ್ಲಿ ಕಾಯೋ ಜಾಗದಲ್ಲಿ, ಇರುತ್ತದೆ. ಸತ್ತದ್ದು ಕ್ಯೂಎಮು, ಲ್ಯಾಪ್‌ಟಾಪ್ ಅಲ್ಲ. ಹಾಗಾಗಿ ಡಿಸ್ಕ್‌ಗೆ 'ಈಗಲೇ ಗಟ್ಟಿಯಾಗಿ ಬರೆ' ಅಂತ ಫ್ಲಶ್ ಕಳಿಸೋಕೆ ನಿಮ್ಮ ಫೈಲ್ ಸಿಸ್ಟಂ ಮರೆತಿದ್ದರೂ ಎಲ್ಲ ಸರಿಯಾಗೇ ಕಾಣುತ್ತದೆ. ನಿಜವಾದ ಕರೆಂಟ್ ಹೋದಾಗ ಅದೇ ಕೈಕೊಡೋದು. ಅದಕ್ಕೆ ಲಿನಕ್ಸ್‌ನ 'ಡಿಎಂ-ಲಾಗ್-ರೈಟ್ಸ್' ಬಳಸಿ. ಅದು ಡಿಸ್ಕ್‌ಗೆ ಹೋದ ಪ್ರತಿ ಬರಹವನ್ನೂ ಪ್ರತಿ ಫ್ಲಶ್ಶನ್ನೂ ದಾಖಲು ಮಾಡಿಕೊಳ್ಳುತ್ತದೆ. ಆಮೇಲೆ ಬೇಕಾದ ಜಾಗದವರೆಗೆ ಮಾತ್ರ ಇನ್ನೊಂದು ಡಿಸ್ಕ್ ಮೇಲೆ ಓಡಿಸಿ, ಅಲ್ಲಿಗೆ ನಿಲ್ಲಿಸಿ, ಫೈಲ್ ಸಿಸ್ಟಂ ಎದ್ದು ಕೂರುತ್ತಾ ಅಂತ ನೋಡಬಹುದು.

ಇನ್ನೊಬ್ಬ ವಿದ್ಯಾರ್ಥಿನಿ ಕೊನೆಗೆ ಬಂದು, ತನ್ನ ಲ್ಯಾಪ್‌ಟಾಪ್‌ನಲ್ಲಿ ಇರೋದು 4 ಜಿಬಿ, ಇದೆಲ್ಲ ಆಗುತ್ತಾ ಅಂತ ಕೇಳಿದಳು. ಎಕ್ಸ್‌ವಿ6ಕ್ಕೆ 128 ಎಂಬಿ ಸಾಕು, ಅದು ಸಾಲದೇ ಬಂದರೆ ನನಗೆ ಬರಿ ಅಂದೆ. ಯೂಸರ್‌ಟೆಸ್ಟ್ಸ್ ಒಮ್ಮೆ ಪೂರ್ತಿ ಓಡಿಸಿ, ಲಾಗ್ ಸೋಸಿ, ಓಡದ ಸಾಲುಗಳಲ್ಲಿ ಪ್ಯಾನಿಕ್ ಸಾಲುಗಳನ್ನು ಬದಿಗಿಟ್ಟು ಉಳಿದದ್ದರ ಪಟ್ಟಿ ಮಾಡು, ಪೈಪ್ ಬರೆದಿರೋ ಫೈಲ್‌ನಿಂದ ಶುರು ಮಾಡು, ಅದು ನೂರು ಚಿಲ್ಲರೆ ಸಾಲು, ಒಂದೇ ಕೂರಿಕೆಯಲ್ಲಿ ಓದಬಹುದು ಅಂದೆ. ಅವಳು ಫೈಲ್ ಹೆಸರು ಕೈ ಮೇಲೆ ಬರೆದುಕೊಂಡು ಹೋದಳು.